ಯಾವ ಕಾರಿಗೆ ಪುಟದ ಗೌರವ? ‘ಹಾಟ್ ರಾಡ್’ ಜನಕ ರಾಬರ್ಟ್ ಪೀಟರ್ಸನ್

1948ರ ಜನವರಿ. ಲಾಸ್ ಏಂಜಲೀಸ್ ನಗರದ ನ್ಯಾಷನಲ್ ಗಾರ್ಡ್ ಸೇನಾ ಭವನದಲ್ಲಿ ಅಪರೂಪದ ವಾಹನ ಪ್ರದರ್ಶನವೊಂದು ಏರ್ಪಟ್ಟಿತ್ತು. ಅಲ್ಲಿದ್ದವು ಕಾರ್ಖಾನೆಯಿಂದ ಹೊರಬಂದ ಹೊಚ್ಚಹೊಸ ಕಾರುಗಳಲ್ಲ. ಗುಜರಿಗೆ ಸೇರಬೇಕಾಗಿದ್ದ ಹಳೆಯ ಫೋರ್ಡ್‌ಗಳನ್ನು ಹಿತ್ತಲಿನಲ್ಲಿ ಬಿಚ್ಚಿ, ಕೊಯ್ದು, ಬೆಸೆದು ಕಟ್ಟಿದ ಯಂತ್ರಗಳು. ಭವನದ ಮೆಟ್ಟಿಲುಗಳ ಮೇಲೆ 21ರ ಹರೆಯದ ಯುವಕನೊಬ್ಬ ತೆಳುವಾದ ಪತ್ರಿಕೆಯೊಂದನ್ನು ಹಿಡಿದು, ಬಂದವರಿಗೆಲ್ಲ ಪ್ರತಿಗೆ 25 ಸೆಂಟಿನಂತೆ ಮಾರುತ್ತಿದ್ದ. ಪತ್ರಿಕೆಯ ಹೆಸರು ‘ಹಾಟ್ ರಾಡ್’. ಯುವಕನ ಹೆಸರು ರಾಬರ್ಟ್ ಐನರ್ ಪೀಟರ್ಸನ್.

ಆ ಹೆಸರನ್ನು ಮುಖಪುಟದ ಮೇಲೆ ಅಚ್ಚು ಹಾಕಿಸುವುದೇ ಅಂದು ದಿಟ್ಟತನವಾಗಿತ್ತು. ‘ಹಾಟ್ ರಾಡ್’ ಎಂಬುದು ಆಗ ಹೆಚ್ಚು ಕಡಿಮೆ ಬೈಗುಳವೇ. ರಾತ್ರಿ ಹೊತ್ತು ಸಾರ್ವಜನಿಕ ರಸ್ತೆಗಳಲ್ಲಿ ಪಂದ್ಯ ಕಟ್ಟಿ ಓಡಿಸುವ ಪುಂಡರ ವಾಹನ ಎಂಬುದೇ ದಿನಪತ್ರಿಕೆಗಳು ಮೂಡಿಸಿದ್ದ ಚಿತ್ರ. ಪೊಲೀಸರಿಗೆ ಅದು ತಲೆನೋವು, ಹೆತ್ತವರಿಗೆ ಭಯ. ಇಂಥ ಕಾರುಗಳಿಗೆ ಒಂದು ಪತ್ರಿಕೆಯ ಪುಟಗಳನ್ನು ಮೀಸಲಿಡುವ ಯೋಗ್ಯತೆ ಇದೆಯೇ? ಇದ್ದರೆ, ಅವುಗಳಲ್ಲಿ ಯಾವುದಕ್ಕೆ? ಪೀಟರ್ಸನ್ ಅವರ ಬದುಕಿನ ಬಹುಭಾಗ ಈ ಎರಡು ಪ್ರಶ್ನೆಗಳ ಸುತ್ತಲೇ ಹೆಣೆದುಕೊಂಡಿತು.

ತಂದೆ ಕಲಿಸಿದ ಕಸುಬು

ಪೀಟರ್ಸನ್ ಹುಟ್ಟಿದ್ದು 1926ರ ಸೆಪ್ಟೆಂಬರ್ 10ರಂದು, ಪೂರ್ವ ಲಾಸ್ ಏಂಜಲೀಸ್‌ನಲ್ಲಿ. ತಂದೆ ಡೆನ್ಮಾರ್ಕ್‌ನಿಂದ ವಲಸೆ ಬಂದ ಮೆಕ್ಯಾನಿಕ್. ಬಾಲಕನಿಗೆ ಹತ್ತು ವರ್ಷವಾಗುವ ಹೊತ್ತಿಗೆ ತಾಯಿ ಕ್ಷಯರೋಗಕ್ಕೆ ಬಲಿಯಾದರು. ಎಂಜಿನ್ ಬಿಚ್ಚುವುದು, ವೆಲ್ಡಿಂಗ್ ಮಾಡುವುದು ಮೊದಲಾದ ಕೆಲಸಗಳನ್ನು ತಂದೆಯ ಜೊತೆಯಲ್ಲೇ ಕಲಿತದ್ದಾಯಿತು. ಮರುಭೂಮಿಯ ಅಂಚಿನ ಬಾರ್ಸ್ಟೋ ಊರಿನಲ್ಲಿ ಹೈಸ್ಕೂಲು ಮುಗಿಸಿದ ಪೀಟರ್ಸನ್ ಹೊಟ್ಟೆಪಾಡಿಗಾಗಿ ಲಾಸ್ ಏಂಜಲೀಸ್‌ಗೆ ಮರಳಿದರು.

ಹೆಸರಾಂತ ಎಂಜಿಎಂ ಚಿತ್ರ ಸಂಸ್ಥೆಯಲ್ಲಿ ಸಂದೇಶ ಒಯ್ಯುವ ಹುಡುಗನಾಗಿ ಸೇರಿ, ಕ್ರಮೇಣ ಪ್ರಚಾರ ವಿಭಾಗಕ್ಕೆ ಬಡ್ತಿ ಪಡೆದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಸೇನೆಯ ವಾಯುದಳದಲ್ಲಿ ದುಡಿದರು. ಯುದ್ಧಾನಂತರ ಸ್ಟುಡಿಯೋಗಳು ಸಿಬ್ಬಂದಿಯನ್ನು ಕಡಿತಗೊಳಿಸಿದಾಗ ಕೆಲಸ ಹೋಯಿತು. ತಮ್ಮಂತೆಯೇ ಕೆಲಸ ಕಳೆದುಕೊಂಡ ಕೆಲವರೊಡನೆ ಸೇರಿ ಪ್ರಚಾರ ಸಂಸ್ಥೆಯೊಂದನ್ನು ಕಟ್ಟಿದರು. ಆ ಸಂಸ್ಥೆಯ ಪಾಲಿಗೆ ಬಂದ ಕೆಲಸಗಳಲ್ಲಿ ಒಂದು, ಸೇನಾ ಭವನದ ಈ ಹಾಟ್ ರಾಡ್ ಪ್ರದರ್ಶನದ ಪ್ರಚಾರ.

ಒಣ ಸರೋವರದ ಓಟಗಾರರು

ಪ್ರಚಾರಕ್ಕೆಂದು ಅಲೆದಾಡಿದಾಗ ಪೀಟರ್ಸನ್ ಅವರಿಗೆ ಪರಿಚಯವಾದದ್ದು ಬೇರೆಯೇ ಲೋಕ. ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿ ಮೈಲಿಗಟ್ಟಲೆ ಹಾಸಿಕೊಂಡಿರುವ, ಸಿಮೆಂಟ್ ನೆಲದಂತೆ ಗಟ್ಟಿಯಾದ ಒಣ ಸರೋವರಗಳಿವೆ. ಯುದ್ಧಕ್ಕೆ ಮುಂಚಿನಿಂದಲೂ ಯುವಕರು ವಾರಾಂತ್ಯಗಳಲ್ಲಿ ಅಲ್ಲಿ ಸೇರಿ, ತಾವು ಕಟ್ಟಿದ ಕಾರುಗಳ ವೇಗವನ್ನು ಅಳೆಯುತ್ತಿದ್ದರು. 1937ರಲ್ಲೇ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಎಂಬ ಸಂಘ ಹುಟ್ಟಿ ಓಟಗಳಿಗೆ ನಿಯಮಗಳನ್ನು ರೂಪಿಸಿತ್ತು. ಯುದ್ಧದ ವರ್ಷಗಳಲ್ಲಿ ವೇಡಾ ಆರ್ ಎಂಬ ಮಹಿಳೆ ಈ ಸಂಘದ ಸುದ್ದಿಪತ್ರವನ್ನು ರಣರಂಗದಲ್ಲಿದ್ದ ಸದಸ್ಯರಿಗೆ ಕಳುಹಿಸುತ್ತಾ ಬಳಗ ಚದುರದಂತೆ ನೋಡಿಕೊಂಡಿದ್ದರು. ಆಕೆ ಸ್ವತಃ ಸರೋವರದ ಮೇಲೆ ಕಾರು ಓಡಿಸಿದವರು.

ಈ ಯುವಕರ ಅಚ್ಚುಮೆಚ್ಚಿನ ವಾಹನ 1932ರ ಫೋರ್ಡ್. ಆ ವರ್ಷ ಹೆನ್ರಿ ಫೋರ್ಡ್ ಜನಸಾಮಾನ್ಯರ ಕೈಗೆಟುಕುವ ಬೆಲೆಗೆ ಎಂಟು ಸಿಲಿಂಡರುಗಳ ವಿ8 ಎಂಜಿನ್ ಒದಗಿಸಿದ್ದರು. ಕಾರ್ಖಾನೆಯಿಂದ ಹೊರಬಂದಾಗ ಅದರ ಸಾಮರ್ಥ್ಯ 65 ಅಶ್ವಶಕ್ತಿ. ಕಾರ್ಬ್ಯುರೇಟರ್ ಹೆಚ್ಚಿಸಿ, ಸಿಲಿಂಡರ್ ಹೆಡ್ ಬದಲಿಸಿ, ಮಡ್‌ಗಾರ್ಡ್‌ಗಳನ್ನು ಕಿತ್ತೆಸೆದು ಭಾರ ಇಳಿಸಿದರೆ ಅದೇ ಕಾರು ಹಲವು ಪಟ್ಟು ಬೆಲೆಯ ಕಾರುಗಳನ್ನು ಹಿಂದಿಕ್ಕುತ್ತಿತ್ತು. ಅಲ್ಲಿ ಹಣಕ್ಕಿಂತ ಕೈಚಳಕಕ್ಕೇ ಬೆಲೆ.

ಈ ಕೈಚಳಕ ಎಲ್ಲಿಯೂ ದಾಖಲಾಗುತ್ತಿಲ್ಲ ಎಂಬುದನ್ನು ಪೀಟರ್ಸನ್ ಗುರುತಿಸಿದರು. ಗೆಳೆಯ ರಾಬರ್ಟ್ ಲಿಂಡ್ಸೆ ಜೊತೆಗೂಡಿ, ಸುಮಾರು 400 ಡಾಲರ್ ಸಾಲದ ಬಂಡವಾಳದಲ್ಲಿ ಪತ್ರಿಕೆ ಆರಂಭಿಸಿದರು. ಮೊದಲ ಸಂಚಿಕೆಯ ಮುಖಪುಟದಲ್ಲಿ ಕಾಣಿಸಿಕೊಂಡದ್ದು ಸರೋವರದ ಓಟಗಾರ ಎಡ್ಡಿ ಹಲ್ಸ್ ಓಡಿಸುತ್ತಿದ್ದ ರೋಡ್‌ಸ್ಟರ್. ಚಿತ್ರತಾರೆಯರ ಪ್ರಚಾರ ಮಾಡಿ ಅನುಭವವಿದ್ದ ಪೀಟರ್ಸನ್ ತಮ್ಮ ಮುಖಪುಟಕ್ಕೆ ತಾರೆಯನ್ನು ಹುಡುಕಲಿಲ್ಲ, ಕಾಲಮಾಪಕದ ಮುಂದೆ ತನ್ನನ್ನು ಸಾಬೀತುಪಡಿಸಿದ ಕಾರನ್ನು ಆರಿಸಿಕೊಂಡರು.

ವೇಗವೇ ಮೊದಲ ಮಾನದಂಡ

ಆರಂಭದ ವರ್ಷಗಳಲ್ಲಿ ಪತ್ರಿಕೆಯ ಆಯ್ಕೆ ಸರಳವಾಗಿತ್ತು. ಕಾರು ಓಡಬೇಕು, ಅದರ ವೇಗ ಅಧಿಕೃತವಾಗಿ ಅಳೆಯಲ್ಪಟ್ಟಿರಬೇಕು, ಅದನ್ನು ಹೇಗೆ ಕಟ್ಟಲಾಯಿತು ಎಂಬುದು ಓದುಗನಿಗೆ ಅರ್ಥವಾಗಬೇಕು. ದೂರದ ಹಳ್ಳಿಯೊಂದರ ಹುಡುಗ ಪುಟ ತೆರೆದಿಟ್ಟುಕೊಂಡು ತನ್ನ ಕೊಟ್ಟಿಗೆಯಲ್ಲಿ ಅದೇ ಕೆಲಸ ಮಾಡುವಂತಿರಬೇಕು. ಮಡ್‌ಗಾರ್ಡ್ ಇಲ್ಲದ, ಬಣ್ಣ ಕಾಣದ ಕಾರಿಗೂ ಹೀಗಾಗಿ ಪುಟ ದಕ್ಕಿತು.

1949ರಲ್ಲಿ ಟೈಮಿಂಗ್ ಅಸೋಸಿಯೇಷನ್‌ನ ವ್ಯವಸ್ಥಾಪಕರಾಗಿದ್ದ ವಾಲಿ ಪಾರ್ಕ್ಸ್ ಪತ್ರಿಕೆಯ ಸಂಪಾದಕರಾದರು. ಅದೇ ವರ್ಷ ಯೂಟಾ ರಾಜ್ಯದ ಬಾನ್ವಿಲ್ ಉಪ್ಪಿನ ಬಯಲಿನಲ್ಲಿ ಹಾಟ್ ರಾಡ್‌ಗಳ ಮೊದಲ ವೇಗ ಸಪ್ತಾಹ ನಡೆಯಿತು. 1951ರಲ್ಲಿ ಪಾರ್ಕ್ಸ್ ಅವರ ಅಧ್ಯಕ್ಷತೆಯಲ್ಲಿ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಸ್ಥಾಪನೆಯಾಯಿತು. ಬೀದಿಯ ಪಂದ್ಯಗಳನ್ನು ಬಳಕೆಯಿಲ್ಲದ ವಿಮಾನ ಪಟ್ಟಿಗಳಿಗೆ ಸ್ಥಳಾಂತರಿಸಿ, ಸುರಕ್ಷತೆಯ ನಿಯಮಗಳನ್ನು ತರುವುದು ಅದರ ಗುರಿ. ಪತ್ರಿಕೆಯ ಪುಟಗಳು ಈ ಕೆಲಸಕ್ಕೆ ಬೆನ್ನೆಲುಬಾದವು. ಕಾರು ವೇಗವಾಗಿದ್ದರೆ ಸಾಲದು, ಸುರಕ್ಷಿತವೂ ಆಗಿರಬೇಕು ಎಂಬ ಎರಡನೇ ಮಾನದಂಡ ಹೀಗೆ ಸೇರಿಕೊಂಡಿತು. ಹತ್ತೇ ವರ್ಷಗಳಲ್ಲಿ ಬೈಗುಳವಾಗಿದ್ದ ಶಬ್ದ ಹವ್ಯಾಸದ ಹೆಸರಾಯಿತು.

ಓಡದ ಅಂದಗಾರರು

ಆದರೆ ಪ್ರಶ್ನೆ ಅಲ್ಲಿಗೇ ಮುಗಿಯಲಿಲ್ಲ. ಕ್ಯಾಲಿಫೋರ್ನಿಯಾದ ಗ್ಯಾರೇಜುಗಳಲ್ಲಿ ಇನ್ನೊಂದು ಪಂಥ ಬೆಳೆಯುತ್ತಿತ್ತು. ಇವರಿಗೆ ವೇಗದ ಗೊಡವೆ ಅಷ್ಟಾಗಿ ಇರಲಿಲ್ಲ. ಕಾರಿನ ಛಾವಣಿಯ ಕಂಬಗಳನ್ನು ಕತ್ತರಿಸಿ ತಗ್ಗಿಸುವುದು, ಹಿಡಿಕೆಗಳನ್ನೂ ಕ್ರೋಮ್ ಅಲಂಕಾರಗಳನ್ನೂ ತೆಗೆದು ಸೀಸ ಕರಗಿಸಿ ಸಂದುಗಳನ್ನು ಮುಚ್ಚುವುದು, ನೆಲಕ್ಕೆ ತಾಗುವಷ್ಟು ಇಳಿಸಿ ಹೊಳೆಯುವ ಬಣ್ಣ ಬಳಿಯುವುದು ಇವರ ಕಲೆ. ಜಾರ್ಜ್ ಮತ್ತು ಸ್ಯಾಮ್ ಬ್ಯಾರಿಸ್ ಸಹೋದರರು ಈ ‘ಕಸ್ಟಮ್’ ಕಾರುಗಳ ಆಚಾರ್ಯರೆನಿಸಿದ್ದರು. ಸರೋವರದ ಓಟಗಾರರಿಗೆ ಇವು ಮೈಗಳ್ಳ ಕಾರುಗಳು. ಸೀಸದ ಭಾರ ಹೊತ್ತು ತೆವಳುವ ಕಾರಿಗೆ ವೇಗದ ಪತ್ರಿಕೆಯಲ್ಲೇಕೆ ಜಾಗ ಎಂಬುದು ಅವರ ಆಕ್ಷೇಪ.

ಪೀಟರ್ಸನ್ ಕಂಡುಕೊಂಡ ಉತ್ತರ ಸಂಪಾದಕನಿಗಿಂತ ಹೆಚ್ಚಾಗಿ ವ್ಯಾಪಾರಿಯದು. ಅವರು ಜಗಳ ಬಗೆಹರಿಸುವ ಗೋಜಿಗೆ ಹೋಗಲಿಲ್ಲ, ಪತ್ರಿಕೆಗಳ ಸಂಖ್ಯೆಯನ್ನು ಹೆಚ್ಚಿಸಿದರು. ಹೊಸ ಕಾರುಗಳನ್ನು ಕೊಳ್ಳುವವರಿಗಾಗಿ 1949ರಲ್ಲೇ ‘ಮೋಟಾರ್ ಟ್ರೆಂಡ್’ ಬಂದಿತ್ತು. 1953ರಲ್ಲಿ ‘ಹಾಂಕ್’ ಎಂಬ ಹೆಸರಿನಲ್ಲಿ ಆರಂಭವಾದ ಪತ್ರಿಕೆ ಬಲುಬೇಗ ‘ಕಾರ್ ಕ್ರಾಫ್ಟ್’ ಆಯಿತು. ಅದೇ ವರ್ಷ ಬೇರೆಯವರು ಹೊರತಂದ ಪುಟ್ಟ ಗಾತ್ರದ ‘ರಾಡ್ ಅಂಡ್ ಕಸ್ಟಮ್’ ಮುಂದೆ ಪೀಟರ್ಸನ್ ಬಳಗವನ್ನು ಸೇರಿತು. ಒಂದು ಪತ್ರಿಕೆಯ ಮಾನದಂಡಕ್ಕೆ ಹೊಂದದ ಕಾರಿಗೆ ಮತ್ತೊಂದರ ಬಾಗಿಲು ತೆರೆದಿರುತ್ತಿತ್ತು.

ಆ ಪುಟಗಳು ಎಷ್ಟು ದೂರದವರೆಗೆ ಕೆಲಸ ಮಾಡಿದವು ಎಂಬುದಕ್ಕೆ ಒಂದೇ ಉದಾಹರಣೆ ಸಾಕು. ಬಾಬ್ ಹಿರೊಹಾಟಾ ಎಂಬ ಜಪಾನಿ ಮೂಲದ ಯುವಕನಿಗಾಗಿ ಬ್ಯಾರಿಸ್ ಸಹೋದರರು 1951ರ ಮರ್ಕ್ಯುರಿ ಕಾರನ್ನು ಹಸಿರಿನ ಎರಡು ಛಾಯೆಗಳಲ್ಲಿ ರೂಪಾಂತರಿಸಿದ್ದರು. ಅಂದಗಾರ ಕಾರು ಓಡಲಾರದು ಎಂಬ ಮೂದಲಿಕೆಗೆ ಉತ್ತರವೆಂಬಂತೆ ಹಿರೊಹಾಟಾ ಅದನ್ನು ಕ್ಯಾಲಿಫೋರ್ನಿಯಾದಿಂದ ಇಂಡಿಯಾನಾಪೊಲಿಸ್‌ವರೆಗೆ ಓಡಿಸಿಕೊಂಡು ಹೋಗಿ, ಆ ಪಯಣದ ಕಥೆಯನ್ನು 1953ರಲ್ಲಿ ‘ರಾಡ್ ಅಂಡ್ ಕಸ್ಟಮ್’ಗೆ ಬರೆದರು. ಕೆಲವೇ ವರ್ಷಗಳಲ್ಲಿ ಆ ಕಾರು ಹಳತಾಯಿತು. 1959ರಲ್ಲಿ ಹದಿಹರೆಯದ ಹುಡುಗನೊಬ್ಬ ಅದನ್ನು ಕೊಂಡದ್ದು ಬರೀ 500 ಡಾಲರಿಗೆ. ಆದರೆ ಪುಟದಲ್ಲಿ ಅಚ್ಚಾದದ್ದು ಮರೆಯಾಗಲಿಲ್ಲ. ದಶಕಗಳ ಬಳಿಕ ಮರುಜೀವ ಪಡೆದ ಕಾರು 2022ರ ಹರಾಜಿನಲ್ಲಿ 20 ಲಕ್ಷ ಡಾಲರನ್ನೂ ಮೀರಿದ ಬೆಲೆಗೆ ಮಾರಾಟವಾಯಿತು.

1955ರ ಅಕ್ಟೋಬರ್‌ನ ‘ಹಾಟ್ ರಾಡ್’ ಮುಖಪುಟವೂ ಹೀಗೆಯೇ ದಾರಿ ಬದಲಿಸಿತು. ಅದರಲ್ಲಿದ್ದದ್ದು ನಾರ್ಮ್ ಗ್ರಬೌಸ್ಕಿ ಎಂಬಾತ ಫೋರ್ಡ್ ಮಾಡೆಲ್ ಟಿ ಕಾರಿಗೆ ಕ್ಯಾಡಿಲ್ಯಾಕ್ ಎಂಜಿನ್ ಕೂರಿಸಿ ಕಟ್ಟಿದ ವಿಲಕ್ಷಣ ವಾಹನ. ಮುಂದೆ ಅದು ಟೆಲಿವಿಷನ್ ಧಾರಾವಾಹಿಯೊಂದರಲ್ಲಿ ಕಾಣಿಸಿಕೊಂಡು ಮನೆಮಾತಾಯಿತು. ಅದೇ ಮಾದರಿಯ ‘ಟಿ ಬಕೆಟ್’ ಕಾರುಗಳು ದೇಶದುದ್ದಕ್ಕೂ ಹುಟ್ಟಿಕೊಂಡವು.

ಪುಟ ಸಿಗದವರು

ಹೀಗೆ ಪುಟ ಪಡೆದವರಿದ್ದಂತೆ ಪಡೆಯದವರೂ ಇದ್ದರು. ಪೀಟರ್ಸನ್ ಹುಟ್ಟಿದ ಪೂರ್ವ ಲಾಸ್ ಏಂಜಲೀಸ್‌ನಲ್ಲೇ ಮೆಕ್ಸಿಕನ್ ಮೂಲದ ಯುವಕರು ‘ಲೋರೈಡರ್’ ಎಂಬ ಬೇರೊಂದು ಸಂಪ್ರದಾಯವನ್ನು ಬೆಳೆಸಿದ್ದರು. ನೆಲಕ್ಕಿಳಿಸಿದ ಷೆವ್ರೊಲೆ ಕಾರುಗಳು, ಹೈಡ್ರಾಲಿಕ್ ಪಂಪುಗಳಿಂದ ಏರಿಳಿಯುವ ಚಕ್ರಗಳು, ಮೈಮೇಲೆ ಗುಲಾಬಿ ಹೂಗಳ ಚಿತ್ತಾರ. ಶ್ರಮಕ್ಕೂ ಕೌಶಲಕ್ಕೂ ಇವು ಯಾವ ಹಾಟ್ ರಾಡ್‌ಗೂ ಕಡಿಮೆಯಲ್ಲ. ಆದರೂ ಮುಖ್ಯವಾಹಿನಿಯ ಕಾರು ಪತ್ರಿಕೆಗಳಲ್ಲಿ ಇವುಗಳಿಗೆ ದೊರೆತ ಸ್ಥಾನ ಅತ್ಯಲ್ಪ. ಕೊನೆಗೆ 1977ರಲ್ಲಿ ಸ್ಯಾನ್ ಹೋಸೆ ನಗರದ ಕೆಲವು ಯುವಕರು ‘ಲೋರೈಡರ್’ ಎಂಬ ತಮ್ಮದೇ ಪತ್ರಿಕೆಯನ್ನು ಹುಟ್ಟುಹಾಕಬೇಕಾಯಿತು. 1948ರಲ್ಲಿ ಪೀಟರ್ಸನ್ ಮಾಡಿದ ಕೆಲಸವನ್ನೇ ಅವರು ಮತ್ತೆ ಮೊದಲಿನಿಂದ ಮಾಡಿದರು.

ಹಣದ ಪ್ರಶ್ನೆಯೂ ಇತ್ತು. ಪತ್ರಿಕೆಗಳು ನಿಂತಿದ್ದದ್ದು ಬಿಡಿಭಾಗ ತಯಾರಕರ ಜಾಹೀರಾತಿನ ಮೇಲೆ. ಕಾಲ ಸರಿದಂತೆ ಹಿತ್ತಲಿನಲ್ಲಿ ಕಟ್ಟಿದ ಕಾರುಗಳ ಪಕ್ಕದಲ್ಲಿ, ವೃತ್ತಿಪರ ಗ್ಯಾರೇಜುಗಳು ಶ್ರೀಮಂತರಿಗಾಗಿ ಕಟ್ಟಿಕೊಟ್ಟ ಕಾರುಗಳು ಬಂದು ನಿಂತವು. ಸ್ವಂತ ಕೈಯಿಂದ ಕಟ್ಟಿದವನಿಗೆ ಪುಟ ಸಲ್ಲಬೇಕೋ, ಚೆಕ್ಕು ಬರೆದುಕೊಟ್ಟವನಿಗೋ ಎಂಬ ವಾದ ಹವ್ಯಾಸಿಗಳ ನಡುವೆ ಬಿಸಿಯೇರಿತು. 1995ರಲ್ಲಿ ‘ಹಾಟ್ ರಾಡ್’ ಪತ್ರಿಕೆ ಆರಂಭಿಸಿದ ‘ಪವರ್ ಟೂರ್’ ಎಂಬ ದೂರಪಯಣ ಈ ವಾದಕ್ಕೆ ಒಂದು ಬಗೆಯ ಉತ್ತರ. ಕಾರು ಟ್ರೇಲರ್ ಏರಿ ಬಂದರೆ ಅರ್ಥವಿಲ್ಲ, ತನ್ನ ಚಕ್ರಗಳ ಮೇಲೆ ಸಾವಿರಾರು ಕಿಲೋಮೀಟರ್ ಓಡಬೇಕು ಎಂಬ ಹಳೆಯ ಮಾನದಂಡವನ್ನು ಅದು ಮತ್ತೆ ಮುಂದಿಟ್ಟಿತು.

ದುಃಖ ಮತ್ತು ದಾನ

ವ್ಯಾಪಾರದಲ್ಲಿ ಪೀಟರ್ಸನ್ ಹಿಂದಿರುಗಿ ನೋಡಲಿಲ್ಲ. ಬಂದೂಕು, ಛಾಯಾಗ್ರಹಣ, ಹದಿಹರೆಯದ ಹುಡುಗಿಯರ ಅಭಿರುಚಿ ಹೀಗೆ ಹತ್ತಾರು ವಿಷಯಗಳಿಗೆ ಪತ್ರಿಕೆಗಳನ್ನು ತೆರೆದರು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಶೂಟಿಂಗ್ ಸ್ಪರ್ಧೆಗಳ ಹೊಣೆ ಹೊತ್ತರು. ಆದರೆ ಮನೆಯೊಳಗಿನ ಬದುಕು ಅಷ್ಟು ಸುಗಮವಾಗಿರಲಿಲ್ಲ. 1963ರಲ್ಲಿ ಮಾರ್ಜಿ ಅವರನ್ನು ವಿವಾಹವಾಗಿದ್ದ ಪೀಟರ್ಸನ್‌ಗೆ ಇಬ್ಬರು ಗಂಡುಮಕ್ಕಳು. 1975ರಲ್ಲಿ ಕೊಲೊರಾಡೊದಲ್ಲಿ ಸಂಭವಿಸಿದ ವಿಮಾನ ದುರಂತದಲ್ಲಿ ಇಬ್ಬರೂ ಎಳೆಯ ವಯಸ್ಸಿನಲ್ಲೇ ಅಸುನೀಗಿದರು. ಕಟ್ಟಿದ ಸಾಮ್ರಾಜ್ಯಕ್ಕೆ ವಾರಸುದಾರರೇ ಇಲ್ಲವಾದರು.

ದಂಪತಿ ತಮ್ಮ ಸಂಪತ್ತಿನ ದೊಡ್ಡ ಪಾಲನ್ನು ಸಾರ್ವಜನಿಕ ಕಾರ್ಯಗಳಿಗೆ ವಿನಿಯೋಗಿಸಿದರು. 1994ರ ಜೂನ್ 11ರಂದು ಲಾಸ್ ಏಂಜಲೀಸ್‌ನ ವಿಲ್ಷೈರ್ ಬೀದಿಯಲ್ಲಿ, ಹಿಂದೆ ಬಟ್ಟೆಬರೆಗಳ ಭಾರಿ ಮಳಿಗೆಯಾಗಿದ್ದ ಕಟ್ಟಡದಲ್ಲಿ ಪೀಟರ್ಸನ್ ಆಟೊಮೋಟಿವ್ ಮ್ಯೂಸಿಯಂ ತೆರೆದುಕೊಂಡಿತು. 1996ರಲ್ಲಿ ಪ್ರಕಾಶನ ಸಂಸ್ಥೆಯನ್ನು ಸುಮಾರು 45 ಕೋಟಿ ಡಾಲರಿಗೆ ಮಾರಿದ ಬಳಿಕವೂ ಮ್ಯೂಸಿಯಂನ ನಂಟನ್ನು ಪೀಟರ್ಸನ್ ಬಿಡಲಿಲ್ಲ. 2000ದಲ್ಲಿ ಅವರಿತ್ತ ಕೋಟ್ಯಂತರ ಡಾಲರ್ ದೇಣಿಗೆಯಿಂದ ಅದು ಸ್ವತಂತ್ರ ಸಂಸ್ಥೆಯಾಯಿತು.

1997ರಲ್ಲಿ ಇನ್ನೊಂದು ಮಹತ್ವದ ಘಟನೆ ನಡೆಯಿತು. ಜಗತ್ತಿನ ಅತಿ ಬೆಲೆಬಾಳುವ ಪುರಾತನ ಕಾರುಗಳ ಮೇಳವೆನಿಸಿದ ಪೆಬಲ್ ಬೀಚ್‌ನ ಹಸಿರು ಹುಲ್ಲುಹಾಸಿನ ಮೇಲೆ ಮೊದಲ ಬಾರಿಗೆ ಹಾಟ್ ರಾಡ್‌ಗಳಿಗೆ ಪ್ರತ್ಯೇಕ ವಿಭಾಗ ತೆರೆಯಲಾಯಿತು. ಅಲ್ಲಿ ಗೆದ್ದದ್ದು ಡೋನ್ ಸ್ಪೆನ್ಸರ್ ಎಂಬ ಹವ್ಯಾಸಿ 1940ರ ದಶಕದಲ್ಲಿ ರೂಪಿಸಿದ 1932ರ ಫೋರ್ಡ್. 25 ಸೆಂಟಿನ ಪತ್ರಿಕೆ ಅರ್ಧ ಶತಮಾನದ ಹಿಂದೆ ಕೊಟ್ಟ ತೀರ್ಪನ್ನು ಕೋಟ್ಯಧೀಶರ ಮೇಳ ಕೊನೆಗೂ ಎತ್ತಿಹಿಡಿಯಿತು.

ರಾಬರ್ಟ್ ಪೀಟರ್ಸನ್ 2007ರ ಮಾರ್ಚ್ 23ರಂದು, ತಮ್ಮ 80ನೇ ವಯಸ್ಸಿನಲ್ಲಿ ಕ್ಯಾನ್ಸರ್‌ನಿಂದ ನಿಧನರಾದರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ವಾಲಿ ಪಾರ್ಕ್ಸ್ ಕೂಡ ಕಣ್ಮುಚ್ಚಿದರು. ‘ರಾಡ್ ಅಂಡ್ ಕಸ್ಟಮ್’ 2014ರಲ್ಲಿ ನಿಂತಿತು. 2019ರ ಡಿಸೆಂಬರ್‌ನಲ್ಲಿ ಅಂದಿನ ಒಡೆಯರು ತಮ್ಮ 22 ವಾಹನ ಪತ್ರಿಕೆಗಳ ಪೈಕಿ 19ರ ಮುದ್ರಣ ನಿಲ್ಲಿಸುವುದಾಗಿ ಪ್ರಕಟಿಸಿದಾಗ ‘ಕಾರ್ ಕ್ರಾಫ್ಟ್’ ಕೂಡ ಆ ಪಟ್ಟಿಯಲ್ಲಿತ್ತು. ‘ಹಾಟ್ ರಾಡ್’ ಉಳಿದ ಮೂರರಲ್ಲಿ ಒಂದಾಯಿತು.

ಹಿಂದೆ ಪುಟ ಸಿಗದಿದ್ದ ಲೋರೈಡರ್‌ಗಳಿಗೂ 2017ರಲ್ಲಿ ಪೀಟರ್ಸನ್ ಹೆಸರಿನ ಮ್ಯೂಸಿಯಂನಲ್ಲೇ ವಿಶೇಷ ಪ್ರದರ್ಶನ ಏರ್ಪಟ್ಟಿತು. ಯಾವ ಕಾರು ಗೌರವಕ್ಕೆ ಪಾತ್ರ ಎಂಬ ಪಟ್ಟಿಯನ್ನು ಪೀಟರ್ಸನ್ ಎಂದೂ ಪೂರ್ಣಗೊಳಿಸಿರಲಿಲ್ಲ. ಹೊಸ ಹೆಸರು ಸೇರಿಸಲು ಜಾಗವನ್ನು ಮಾತ್ರ ಬಿಟ್ಟುಹೋಗಿದ್ದರು.