ಉಡುತಡಿಯಿಂದ ಕದಳಿಗೆ

ನಾರ್ನಿಯಾದಲ್ಲಿ ಬಟ್ಟೆ ಕಪಾಟಿನ ಬಾಗಿಲು ತೆಗೆದ್ರೆ ಬೇರೆ ಲೋಕ ಅಲ್ವಾ? ನಮ್ಮ ಶಿಕಾರಿಪುರ-ಸೊರಬ ಸೀಮೆಗೂ ಅಂಥದೊಂದು ಕಥೆ ಇದೆ, ಹರಿಹರನ ರಗಳೆಯಲ್ಲಿ. ಹೆಂಡತಿ ಸತ್ತ ದುಃಖದಲ್ಲಿ ಅಲೆಯುತ್ತಿದ್ದ ಬಳ್ಳಿಗಾವೆಯ ಅಲ್ಲಮ ಕಾಲುಗುರಿನಿಂದ ನೆಲ ಕೆರೆದಾಗ ಹೂತುಹೋದ ದೇಗುಲದ ಕಳಸ ಕಂಡಿತಂತೆ. ಅಗೆದು ಒಳಗೆ ಹೋದವನು ಬೇರೆಯೇ ಮನುಷ್ಯನಾಗಿ ಹೊರಬಂದ.

ಅದೇ 12ನೇ ಶತಮಾನದಲ್ಲಿ, ಪಕ್ಕದ ಉಡುತಡಿಯ ಮಹಾದೇವಿಗೆ ಅಂಥ ಬಾಗಿಲು ಸಿಗಲಿಲ್ಲ. ಅವಳು ನಡೆದೇ ಹೋಗಬೇಕಾಯ್ತು.

ಚಿಕ್ಕಂದಿನಿಂದ ಅವಳ ಮನಸ್ಸೆಲ್ಲ ಚೆನ್ನಮಲ್ಲಿಕಾರ್ಜುನನ ಮೇಲೆ. ಹೇಳಿದರೆ ಯಾರಿಗೆ ಅರ್ಥ ಆಗ್ಬೇಕು? ಅರಸ ಕೌಶಿಕ ಅವಳನ್ನು ಕಂಡು ಬಯಸಿದ, ಹೆತ್ತವರನ್ನು ಹೆದರಿಸಿದ. ಹರಿಹರನ ಪ್ರಕಾರ ಅವಳು ಮೂರು ಷರತ್ತು ಹಾಕಿ ಮದುವೆಯಾದಳು; ಅವನು ಮೂರನ್ನೂ ಮುರಿದ ಮೇಲೆ ಎದ್ದು ಹೊರಟಳು. ಮದುವೆಯೇ ಆಗಲಿಲ್ಲ ಅಂತಾನೆ ಚಾಮರಸ. ನನಗೇನೋ ಹರಿಹರನದೇ ನಿಜ ಅನ್ಸುತ್ತೆ. ಅಪ್ಪ-ಅಮ್ಮನ ಜೀವಕ್ಕೆ ಹೆದರಿ ಒಪ್ಪಿಕೊಂಡ ಹುಡುಗಿ ನಮಗೆ ಅಪರಿಚಿತಳೇನಲ್ಲ. ಉಟ್ಟ ಬಟ್ಟೆಯನ್ನೂ ಬಿಟ್ಟು, ಕೂದಲನ್ನೇ ಹೊದ್ದು ಹೊರಟವಳು ಅವಳು. ದಾರಿಯುದ್ದಕ್ಕೂ ಎಂಥೆಂಥ ಕಣ್ಣುಗಳನ್ನು ದಾಟಿರಬೇಕು!

ಶೂನ್ಯಸಂಪಾದನೆಯಲ್ಲಿ ಅವಳು ಕಲ್ಯಾಣ ತಲುಪುತ್ತಾಳೆ. ಅನುಭವ ಮಂಟಪದಲ್ಲಿ ಎದುರು ಕೂತವನು ಅದೇ ಬಳ್ಳಿಗಾವೆಯ ಅಲ್ಲಮ. ಊರವಳು ಅಂತ ರಿಯಾಯಿತಿ ಇಲ್ಲ. ನಮ್ಮ ಎಕ್ಸ್‌ಟರ್ನಲ್ ವೈವಾ ಇದರ ಮುಂದೆ ಏನೂ ಅಲ್ಲ. ಗಂಡ ಯಾರು, ಬಟ್ಟೆ ಬಿಟ್ಟ ಮೇಲೆ ಕೂದಲ ಮರೆ ಯಾಕೆ ಅಂತೆಲ್ಲ ಕೆಣಕಿದ. ಒಂದಕ್ಕೂ ತಡವರಿಸದೆ ಉತ್ತರ ಕೊಟ್ಟಳು. ವಯಸ್ಸಿನಲ್ಲಿ ಚಿಕ್ಕವಳಾದರೂ ಎಲ್ಲರಿಗೂ ಅಕ್ಕ ಆದಳು.

ಕೊನೆಗೂ ತನ್ನವರು ಸಿಕ್ಕಿದ್ದರು. ಆದರೂ ಅಲ್ಲಿ ಉಳಿಯಲಿಲ್ಲ. ಮತ್ತೆ ಒಂಟಿಯಾಗಿ ಶ್ರೀಶೈಲದ ಕದಳಿಗೆ ನಡೆದಳು. ಅಕ್ಕನ ಗವಿಗೆ ಈಗ ಕೃಷ್ಣೆಯ ಹಿನ್ನೀರಿನಲ್ಲಿ ದೋಣಿ ಹತ್ತಿ ಹೋಗ್ತಾರೆ.