ಎಸ್. ಆರ್. ರಂಗನಾಥನ್

ಶಿಯಾಳಿ ರಾಮಾಮೃತ ರಂಗನಾಥನ್ (1892–1972) ಭಾರತದ ಗ್ರಂಥಾಲಯ ವಿಜ್ಞಾನಿ, ಗಣಿತದ ಅಧ್ಯಾಪಕ ಮತ್ತು ಲೇಖಕ. ಗ್ರಂಥಪಾಲಕನ ಕೆಲಸಕ್ಕೆ ವಿಶ್ವವಿದ್ಯಾಲಯ ಮಟ್ಟದ ವ್ಯಾಸಂಗ ಅಗತ್ಯವೆಂಬುದನ್ನು ಈ ದೇಶದಲ್ಲಿ ನೆಲೆಗೊಳಿಸಿದವರು ಇವರು. ಗ್ರಂಥಾಲಯ ವಿಜ್ಞಾನದ ಪಂಚಸೂತ್ರಗಳು ಹಾಗೂ ಕೋಲನ್ ವರ್ಗೀಕರಣ ಪದ್ಧತಿ ಇವರ ಪ್ರಮುಖ ಕೊಡುಗೆಗಳು. ಇವರ ವೃತ್ತಿಜೀವನದ ಆರಂಭವೂ ಕೊನೆಯೂ ಇಂದಿನ ಕರ್ನಾಟಕದಲ್ಲೇ ನಡೆದವು.

ಜನನ ಮತ್ತು ವಿದ್ಯಾಭ್ಯಾಸ

ರಂಗನಾಥನ್ ಹುಟ್ಟಿದ್ದು ಅಂದಿನ ತಂಜಾವೂರು ಜಿಲ್ಲೆಯ ಶಿಯಾಳಿಯಲ್ಲಿ. ಜನ್ಮದಿನವನ್ನು ಆಗಸ್ಟ್ 9 ಎಂದು ಕೆಲವೆಡೆ, 12 ಎಂದು ಕೆಲವೆಡೆ ಬರೆಯಲಾಗಿದೆ. ರಾಷ್ಟ್ರೀಯ ಗ್ರಂಥಪಾಲಕರ ದಿನವನ್ನು ಆಗಸ್ಟ್ 12ರಂದು ಆಚರಿಸುತ್ತಾರೆ. ಆರು ವರ್ಷದವರಿದ್ದಾಗ ತಂದೆಯನ್ನು ಕಳೆದುಕೊಂಡರು. ಬಾಲ್ಯದಲ್ಲಿ ಮಾತು ಉಗ್ಗುತ್ತಿತ್ತು. ಮುಂದೆ ಅದನ್ನು ಮೀರಿ ಜೀವನವಿಡೀ ಪಾಠ ಹೇಳಿದರು. ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಗಣಿತದಲ್ಲಿ ಎಂ.ಎ. ಮುಗಿಸಿ, ಸೈದಾಪೇಟೆಯಲ್ಲಿ ಶಿಕ್ಷಕ ತರಬೇತಿ ಪಡೆದರು.

ಅಧ್ಯಾಪಕರಾಗಿ

1917ರಲ್ಲಿ ಮಂಗಳೂರಿನ ಸರ್ಕಾರಿ ಕಾಲೇಜಿಗೆ ಗಣಿತದ ಅಧ್ಯಾಪಕರಾಗಿ ಬಂದರು. ಆ ಬಳಿಕ ಕೊಯಮತ್ತೂರಿನಲ್ಲಿಯೂ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿಯೂ ಕಲಿಸಿದರು. ಈ ಆರೇಳು ವರ್ಷಗಳನ್ನು ಜೀವನಚರಿತ್ರಕಾರರು ಹೆಚ್ಚಾಗಿ ಒಂದೆರಡು ಸಾಲಿನಲ್ಲಿ ದಾಟಿಬಿಡುತ್ತಾರೆ. ಆದರೆ ರಂಗನಾಥನ್ ಗ್ರಂಥಾಲಯವನ್ನು ಕೊನೆಯವರೆಗೂ ನೋಡಿದ್ದು ಮೇಷ್ಟರ ಕಣ್ಣಿನಿಂದಲೇ.

ಮದರಾಸು ಮತ್ತು ಲಂಡನ್

1924ರ ಜನವರಿಯಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾಗಿ ನೇಮಕಗೊಂಡರು. ಆ ಹುದ್ದೆಯಲ್ಲಿ ಅವರಿಗೆ ಮೊದಲಿಗೆ ಆಸಕ್ತಿಯೇ ಇರಲಿಲ್ಲ. ತರಗತಿಯ ಗಲಗಲಕ್ಕೆ ಒಗ್ಗಿದ್ದವರಿಗೆ ಓದುಗರು ವಿರಳವಾಗಿದ್ದ ಆ ಮೌನ ಹಿಡಿಸಲಿಲ್ಲ. ಮರಳಿ ಪಾಠಕ್ಕೇ ಹೋಗಲು ಬಯಸಿದರು. ಲಂಡನ್ನಿನಲ್ಲಿ ವ್ಯಾಸಂಗ ಮಾಡಿ ಬಂದ ಮೇಲೂ ಮನಸ್ಸು ಬದಲಾಗದಿದ್ದರೆ ಹಳೆಯ ಹುದ್ದೆ ಇದ್ದೇ ಇರುತ್ತದೆ ಎಂಬ ಭರವಸೆಯ ಮೇಲೆ ಹೊರಟರು. ಯೂನಿವರ್ಸಿಟಿ ಕಾಲೇಜಿನ ಗ್ರಂಥಪಾಲಕ ಶಾಲೆಯಲ್ಲಿ ಬರ್ವಿಕ್ ಸೇಯರ್ಸ್ ಅವರಿಗೆ ಗುರುಗಳಾದರು. ಇಂಗ್ಲೆಂಡಿನ ಅನೇಕ ಗ್ರಂಥಾಲಯಗಳನ್ನು ಸುತ್ತಿದಾಗ, ಸಾಮಾನ್ಯ ಜನರೂ ಮಕ್ಕಳೂ ಅಲ್ಲಿಗೆ ಸಲೀಸಾಗಿ ಬಂದುಹೋಗುವುದನ್ನು ಕಂಡರು. 1925ರಲ್ಲಿ ಮರಳಿದವರು ಮತ್ತೆ ಹಳೆಯ ಹುದ್ದೆಯನ್ನು ಕೇಳಲಿಲ್ಲ. ಸುಮಾರು ಎರಡು ದಶಕಗಳ ಕಾಲ ಮದರಾಸಿನ ಗ್ರಂಥಾಲಯವನ್ನು ಕಟ್ಟಿ, 1945ರಲ್ಲಿ ಅಲ್ಲಿಂದ ನಿವೃತ್ತರಾದರು.

ಪಂಚಸೂತ್ರಗಳು ಮತ್ತು ವರ್ಗೀಕರಣ

1928ರಲ್ಲಿ ರೂಪುಗೊಂಡ ಪಂಚಸೂತ್ರಗಳು 1931ರಲ್ಲಿ ಗ್ರಂಥರೂಪದಲ್ಲಿ ಪ್ರಕಟವಾದವು. ಗ್ರಂಥಗಳಿರುವುದು ಕಾಪಿಡುವುದಕ್ಕಲ್ಲ, ಬಳಕೆಗೆ ಎಂಬುದು ಅವುಗಳ ತಳಹದಿ. ಪ್ರತಿ ಓದುಗನಿಗೂ ಬೇಕಾದುದು ದೊರೆಯಬೇಕು, ಪ್ರತಿ ಗ್ರಂಥವೂ ತಕ್ಕ ಓದುಗನನ್ನು ತಲುಪಬೇಕು, ಓದುಗನ ಸಮಯ ವ್ಯರ್ಥವಾಗಬಾರದು, ಗ್ರಂಥಾಲಯ ನಿರಂತರ ಬೆಳೆಯುತ್ತಿರಬೇಕು ಎಂಬುವು ಉಳಿದ ನಾಲ್ಕರ ತಾತ್ಪರ್ಯ. ಇಷ್ಟು ಸರಳವಾದುದಕ್ಕೆ ಸೂತ್ರವೇಕೆ ಎನಿಸಬಹುದು. ಪುಸ್ತಕ ಕಳೆದರೆ ಹೊಣೆ ತನ್ನ ತಲೆಗೇ ಬರುತ್ತದೆಂದು ಕಪಾಟಿಗೆ ಬೀಗ ಜಡಿದು ಬೀಗದ ಕೈಯನ್ನು ಜೋಪಾನ ಮಾಡುವ ನಮ್ಮ ಶಾಲೆಗಳನ್ನು ನೋಡಿದವರಿಗೆ ಮೊದಲನೆಯ ಸೂತ್ರವೇ ಇನ್ನೂ ಜಾರಿಗೆ ಬಂದಿಲ್ಲವೆಂಬುದು ತಿಳಿದೀತು.

ಕೋಲನ್ ವರ್ಗೀಕರಣ 1933ರಲ್ಲಿ ಪ್ರಕಟವಾಯಿತು. ಲಂಡನ್ನಿನ ಅಂಗಡಿಯೊಂದರಲ್ಲಿ ಕಂಡ ಮೆಕ್ಯಾನೊ ಎಂಬ ಆಟಿಕೆ ಇದಕ್ಕೆ ಪ್ರೇರಣೆ. ಕೆಲವೇ ಬಿಡಿಭಾಗಗಳನ್ನು ಬೇರೆ ಬೇರೆ ರೀತಿಯಲ್ಲಿ ಜೋಡಿಸಿ ಹಲವು ಆಕಾರಗಳನ್ನು ಮಾಡಬಹುದಾದ ಆಟಿಕೆ ಅದು. ಡ್ಯೂಯಿ ಪದ್ಧತಿಯಲ್ಲಿ ವಿಷಯಗಳಿಗೆ ಬಹುಮಟ್ಟಿಗೆ ಸಿದ್ಧ ಗೂಡುಗಳಿರುತ್ತವೆ. ರಂಗನಾಥನ್ ವಿಷಯವನ್ನು ಬಿಡಿಸಿ ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ, ಕಾಲ ಎಂಬ ಐದು ಮುಖಗಳಲ್ಲಿ ನೋಡಿ ಮತ್ತೆ ಜೋಡಿಸಿದರು. ಬೀದರ್ ಜಿಲ್ಲೆಯಲ್ಲಿ ಇಪ್ಪತ್ತನೆಯ ಶತಮಾನದ ಜೋಳದ ಕಟಾವು ಎಂಬ ವಿಷಯವಿದೆಯೆನ್ನೋಣ: ಜೋಳ ಒಂದು ಮುಖ, ಕಟಾವು ಎಂಬ ಕ್ರಿಯೆ ಇನ್ನೊಂದು, ಸ್ಥಳ ಮತ್ತು ಕಾಲ ಮತ್ತೆರಡು. ಈ ಪದ್ಧತಿಯನ್ನು ಅನುಸರಿಸುವ ಗ್ರಂಥಾಲಯಗಳು ಇಂದು ಕಡಿಮೆ. ಅದರ ಹಿಂದಿರುವ ವಿಚಾರಕ್ರಮವನ್ನು ಮಾತ್ರ ಜಗತ್ತಿನಾದ್ಯಂತ ಕಲಿಸುತ್ತಾರೆ.

ಗ್ರಂಥಪಾಲಕರ ಶಿಕ್ಷಣ

ಬರೋಡಾದಲ್ಲಿ ಬೋರ್ಡನ್ 1911ರಲ್ಲಿಯೂ ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಡಿಕಿನ್ಸನ್ 1915ರಲ್ಲಿಯೂ ತರಬೇತಿ ಆರಂಭಿಸಿದ್ದರು. ಇಬ್ಬರೂ ಅಮೆರಿಕನ್ನರು. ದಕ್ಷಿಣದಲ್ಲಿ 1929ರಲ್ಲಿ ರಂಗನಾಥನ್ ಮದರಾಸು ಗ್ರಂಥಾಲಯ ಸಂಘದ ಆಶ್ರಯದಲ್ಲಿ ಬೇಸಿಗೆ ಶಾಲೆಯನ್ನು ತೆರೆದರು. 1931ರಲ್ಲಿ ವಿಶ್ವವಿದ್ಯಾಲಯ ಅದನ್ನು ವಹಿಸಿಕೊಂಡಿತು. 1937ರ ವೇಳೆಗೆ ಅದು ಪದವೀಧರರಿಗೆ ಒಂದು ವರ್ಷದ ಡಿಪ್ಲೊಮಾ ಆಯಿತು. ರಜೆಯಲ್ಲಿ ಕಲಿತು ಮುಗಿಸುವ ಕಸುಬು ಪದವಿಯ ನಂತರ ವರ್ಷವಿಡೀ ಓದಬೇಕಾದ ಶಾಸ್ತ್ರವಾಗಲು ಎಂಟೇ ವರ್ಷ ಸಾಕಾದುದು ಸಣ್ಣ ಸಂಗತಿಯಲ್ಲ.

ಆಮೇಲೆ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿಯೂ, 1947ರಿಂದ ದೆಹಲಿ ವಿಶ್ವವಿದ್ಯಾಲಯದಲ್ಲಿಯೂ ಕಲಿಸಿದರು. ದೆಹಲಿಯಲ್ಲಿ ಸ್ನಾತಕೋತ್ತರ ಪದವಿ ಹಾಗೂ ಡಾಕ್ಟರೇಟ್ ಹಂತದ ಅಧ್ಯಯನಕ್ಕೆ ಅಡಿಪಾಯ ಬಿತ್ತು. ವಿಶ್ವವಿದ್ಯಾಲಯ ಧನಸಹಾಯ ಆಯೋಗ ನೇಮಿಸಿದ ಗ್ರಂಥಾಲಯ ಸಮಿತಿಗಳಿಗೆ ಅಧ್ಯಕ್ಷರಾಗಿ, ಗ್ರಂಥಪಾಲಕರಿಗೆ ಅಧ್ಯಾಪಕರ ಸಮಾನ ಸ್ಥಾನಮಾನ ಮತ್ತು ವೇತನ ಸಿಗಬೇಕೆಂದು ಶಿಫಾರಸು ಮಾಡಿದರು. ಮದರಾಸು ವಿಶ್ವವಿದ್ಯಾಲಯದಲ್ಲಿ ಗ್ರಂಥಾಲಯ ವಿಜ್ಞಾನದ ಪೀಠಕ್ಕಾಗಿ ತಮ್ಮ ಉಳಿತಾಯದಿಂದ 1 ಲಕ್ಷ ರೂಪಾಯಿ ಕೊಟ್ಟರು. ಪೀಠಕ್ಕೆ ಪತ್ನಿ ಶಾರದಾ ಅವರ ಹೆಸರು ಸೇರಿದೆ.

ಶಾಲಾ ಗ್ರಂಥಾಲಯ

ವಿಶ್ವವಿದ್ಯಾಲಯಗಳಲ್ಲಿ ದುಡಿದರೂ ರಂಗನಾಥನ್ ಶಾಲೆಯನ್ನು ಮರೆಯಲಿಲ್ಲ. ಶಾಲಾ ಕಾಲೇಜುಗಳ ಗ್ರಂಥಾಲಯಗಳ ಕುರಿತ ಇವರ ಗ್ರಂಥ 1942ರಲ್ಲಿ ಹೊರಬಂದಿತು. ತರಗತಿಯ ಮಕ್ಕಳೆಲ್ಲ ಒಂದೇ ವೇಗದಲ್ಲಿ ಕಲಿಯುವುದಿಲ್ಲ, ಆದುದರಿಂದ ಒಂದೇ ಪಠ್ಯಪುಸ್ತಕ ಎಲ್ಲರಿಗೂ ಸಾಲದು ಎಂಬುದು ಇವರ ವಾದ. ಮಗು ತಾನೇ ಕಪಾಟಿನ ಮುಂದೆ ನಿಂತು ಆರಿಸಿಕೊಳ್ಳಬೇಕು. ಅದಕ್ಕೆ ಜೊತೆಯಾಗುವ ಗ್ರಂಥಪಾಲಕ ಪುಸ್ತಕಗಳನ್ನೂ ಮಕ್ಕಳನ್ನೂ ಬಲ್ಲವನಾಗಿರಬೇಕು. ಬೇರೆ ಯಾವ ಕೆಲಸಕ್ಕೂ ಒದಗದವರನ್ನು ಕೂರಿಸುವ ಸ್ಥಳ ಅದಲ್ಲ. ಕರ್ನಾಟಕದ ಬಹುಪಾಲು ಸರ್ಕಾರಿ ಶಾಲೆಗಳಲ್ಲಿ ಇಂದಿಗೂ ಗ್ರಂಥಾಲಯ ಯಾರೋ ಒಬ್ಬ ಶಿಕ್ಷಕರ ಹೆಚ್ಚುವರಿ ಹೊಣೆ. ಗ್ರಂಥಾಲಯ ವಿಜ್ಞಾನ ಓದಿದ ಪದವೀಧರರು ವರ್ಷವರ್ಷವೂ ಹೊರಬರುತ್ತಿದ್ದರೂ ಪ್ರಾಥಮಿಕ, ಪ್ರೌಢಶಾಲೆಗಳಲ್ಲಿ ಅವರಿಗೆ ಹುದ್ದೆ ಅಪರೂಪ.

ಬೆಂಗಳೂರಿನಲ್ಲಿ

ಜ್ಯೂರಿಕ್‌ನಲ್ಲಿ ಕೆಲಕಾಲವಿದ್ದು ಸ್ವದೇಶಕ್ಕೆ ಮರಳಿದ ಅವರು ಬೆಂಗಳೂರಿನಲ್ಲಿ ನೆಲೆಸಿದರು. 1961ರಲ್ಲಿ ಶಾರದಾ ರಂಗನಾಥನ್ ದತ್ತಿಯನ್ನು ಸ್ಥಾಪಿಸಿದರು. 1962ರಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆಯ ಅಂಗವಾಗಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರ ಇಲ್ಲಿ ಆರಂಭವಾದುದು ಇವರ ನೇತೃತ್ವದಲ್ಲಿ. ಎ. ನೀಲಮೇಘನ್, ಎಂ. ಎ. ಗೋಪಿನಾಥ್, ಜಿ. ಭಟ್ಟಾಚಾರ್ಯ ಮೊದಲಾದವರು ಇವರ ಗರಡಿಯಲ್ಲಿ ಪಳಗಿದರು. 1957ರಲ್ಲಿ ಪದ್ಮಶ್ರೀ, 1965ರಲ್ಲಿ ರಾಷ್ಟ್ರೀಯ ಸಂಶೋಧನ ಪ್ರಾಧ್ಯಾಪಕ ಗೌರವ ಸಂದವು.

1930ರಲ್ಲಿ ಬನಾರಸಿನ ಶಿಕ್ಷಣ ಸಮ್ಮೇಳನದಲ್ಲಿ ಮಂಡಿಸಿದ ಮಾದರಿ ಗ್ರಂಥಾಲಯ ಮಸೂದೆಯಿಂದ ಮೊದಲ್ಗೊಂಡು ಇವರು ಕಾನೂನಿಗಾಗಿ ದುಡಿದರು. 1948ರ ಮದರಾಸು ಕಾಯ್ದೆ ಅದರ ಮೊದಲ ಫಲ. ಬೀದರ್, ಹುಮನಾಬಾದ್, ಮನ್ನಾಏಖೇಳ್ಳಿಯ ಸೀಮೆ ಆಗ ಹೈದರಾಬಾದ್ ರಾಜ್ಯದಲ್ಲಿದ್ದು, 1955ರ ಹೈದರಾಬಾದ್ ಗ್ರಂಥಾಲಯ ಕಾಯ್ದೆಗೆ ಒಳಪಟ್ಟಿತ್ತು. ಏಕೀಕರಣದ ನಂತರ ಬಂದ 1965ರ ಮೈಸೂರು ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ ಮಂಗಳೂರಿಗೂ ಬೀದರಿಗೂ ಒಂದೇ ವ್ಯವಸ್ಥೆಯನ್ನು ತಂದಿತು. ಗ್ರಂಥಾಲಯ ಕರವೂ ಅದರಿಂದಲೇ ಬಂದುದು.

ರಂಗನಾಥನ್ 1972ರ ಸೆಪ್ಟೆಂಬರ್ 27ರಂದು ಬೆಂಗಳೂರಿನಲ್ಲಿ ನಿಧನರಾದರು. ಹೊಸ ಶಿಕ್ಷಣ ಮತ್ತು ಶಾಲಾ ಗ್ರಂಥಾಲಯದ ಬಗ್ಗೆ ತಮ್ಮ ಅರ್ಧ ಶತಮಾನದ ಅನುಭವವನ್ನು ದಾಖಲಿಸಿದ ಇವರ ಗ್ರಂಥ ಮರುವರ್ಷ ಅಚ್ಚಾಯಿತು. ಕೋಲನ್ ವರ್ಗೀಕರಣದ ಏಳನೆಯ ಆವೃತ್ತಿಯನ್ನು ಶಿಷ್ಯ ಗೋಪಿನಾಥ್ 1987ರಲ್ಲಿ ಹೊರತಂದರು.