ಗಟಾರದ ಕೆಲಸ ಮಾಡಿದ ವಿಶ್ವೇಶ್ವರಯ್ಯ

ಸೆಪ್ಟೆಂಬರ್ 15 ಬಂತಂದ್ರೆ ಎಲ್ಲ ಇಂಜಿನಿಯರಿಂಗ್ ಕಾಲೇಜುಗಳಲ್ಲೂ ವಿಶ್ವೇಶ್ವರಯ್ಯನವರ ಫೋಟೋಗೆ ಹಾರ ಬೀಳ್ತದೆ. ಭಾಷಣದಲ್ಲಿ ಕನ್ನಂಬಾಡಿ ಕಟ್ಟೆ, ಮೈಸೂರು ಪೇಟ, ಶಿಸ್ತು ಇಷ್ಟು ಬಂದ್ರೆ ಮುಗೀತು. ಅವರು ವರ್ಷಗಟ್ಟಲೆ ಊರುಗಳ ಕುಡಿಯೋ ನೀರು, ಗಟಾರ ನೋಡ್ಕೊಂಡಿದ್ರು ಅನ್ನೋದು ಸಿವಿಲ್‌ನವರಿಗೂ ಅಷ್ಟಾಗಿ ಗೊತ್ತಿಲ್ಲ.

ಹುಟ್ಟಿದ್ದು ಚಿಕ್ಕಬಳ್ಳಾಪುರ ಹತ್ತಿರದ ಮುದ್ದೇನಹಳ್ಳಿಯಲ್ಲಿ. ಚಿಕ್ಕ ವಯಸ್ಸಿನಲ್ಲೇ ತಂದೆ ತೀರಿಕೊಂಡರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮನೆಪಾಠ ಹೇಳಿ ಖರ್ಚು ತೂಗಿಸಿದರು. ಆಮೇಲೆ ಮೈಸೂರು ಸರ್ಕಾರದ ಸ್ಕಾಲರ್‌ಶಿಪ್ ಮೇಲೆ ಪುಣೆಗೆ ಹೋಗಿ ಇಂಜಿನಿಯರಿಂಗ್ ಮುಗಿಸಿ, 1884ರಲ್ಲಿ ಮುಂಬೈ ಸರ್ಕಾರದ ಪಿಡಬ್ಲ್ಯುಡಿ ಸೇರಿದರು.

ನನಗೆ ಅವರ ಜೀವನದಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಸಿಂಧ್ ಪ್ರಾಂತ್ಯದ ಸುಕ್ಕೂರಿನ ಕೆಲಸ. 1893ರಲ್ಲಿ ಅವರನ್ನ ಅಲ್ಲಿಗೆ ಕಳಿಸಿದರು. ಊರು ಸಿಂಧೂ ನದಿ ದಂಡೆ ಮೇಲಿದೆ, ಆದರೆ ನದಿ ನೀರು ಬರೀ ರಾಡಿ. ಅದನ್ನ ಗುಡ್ಡದ ಮೇಲೆ ಏರಿಸಿ, ಫಿಲ್ಟರ್ ಮಾಡಿ ಊರಿಗೆ ಬಿಡಬೇಕು ಅಂತ ಪ್ಲ್ಯಾನ್ ಇತ್ತು. ಫಿಲ್ಟರ್ ಕಟ್ಟುವಷ್ಟು ದುಡ್ಡು ಮುನಿಸಿಪಾಲಿಟಿ ಹತ್ರ ಇರಲಿಲ್ಲ. ಆಗ ಇವರು ದಂಡೆಗೆ ಹತ್ತಿ ನದಿಯ ಪಾತ್ರದಲ್ಲೇ ಬಾವಿ ತೋಡಿಸಿದರು. ನೀರು ಉಸುಕಿನ ಒಳಗಿಂದ ಜಿನುಗಿ ತಿಳಿಯಾಗಿ ಬಾವಿಗೆ ಬಂತು, ಅದನ್ನೇ ಪಂಪ್ ಮಾಡಿದರು. ಫಿಲ್ಟರ್ ಬೆಡ್ ಕೆಲಸವನ್ನ ನದಿಯೇ ಪುಕ್ಕಟೆ ಮಾಡಿತು! 1895ಕ್ಕೆ ಕೆಲಸ ಮುಗೀತು. ಇವತ್ತು ನಮ್ಮ ಪುಸ್ತಕದಲ್ಲಿ ಇದಕ್ಕೆ ರಿವರ್‌ಬ್ಯಾಂಕ್ ಫಿಲ್ಟ್ರೇಶನ್ ಅಂತ ಹೆಸರು.

ಮುಂದೆ ಅವರು ಮುಂಬೈ ಪ್ರಾಂತ್ಯದ ಸ್ಯಾನಿಟರಿ ಇಂಜಿನಿಯರ್ ಆದರು. ವಿಜಯಪುರ ಆಗ ಆ ಪ್ರಾಂತ್ಯದಲ್ಲೇ ಇತ್ತು, ಅಂದ್ರೆ ನಮ್ಮ ಜಿಲ್ಲೆಯೂ ಅವರ ವ್ಯಾಪ್ತಿಗೆ ಬರ್ತಿತ್ತು. 1906ರಲ್ಲಿ ನೀರು, ಒಳಚರಂಡಿ ವಿಷಯಕ್ಕೇ ಅವರನ್ನ ಏಡನ್‌ಗೂ ಕಳಿಸಿದರು.

ಇಲ್ಲಿ ನನ್ನದೊಂದು ತಕರಾರಿದೆ. ಅವರ ಯೋಜನೆಗಳು ಹೆಚ್ಚಾಗಿ ಪಟ್ಟಣಕ್ಕೆ, ಮುನಿಸಿಪಾಲಿಟಿ ಇದ್ದ ಕಡೆ. ತಿಕೋಟಾ, ಬಬಲೇಶ್ವರ ಕಡೆ ಹಳ್ಳಿ ಮನೆಯ ಬಚ್ಚಲ ನೀರಿಗೆ ದೊಡ್ಡ ಪೈಪೂ ಇಲ್ಲ, ಎಸ್‌ಟಿಪಿಯೂ ಇಲ್ಲ. ಇಂಗುಗುಂಡಿ ತೋಡಿದ್ರೆ ಸಾಕು ಅಂತಾರೆ. ಆದರೆ ನಮ್ಮದು ಎರಿ ಮಣ್ಣು. ಹಸಿಯಾದರೆ ಉಬ್ಬಿ ಸಂದು ಮುಚ್ಚಿಕೊಳ್ತದೆ, ನೀರು ಕುಡಿಯೋದೇ ಇಲ್ಲ, ಗುಂಡಿ ತುಂಬಿ ಓಣಿಗೆ ಹರೀತದೆ. ಸುಕ್ಕೂರಿನ ಉಪಾಯ ಹಾಗೇ ಕಾಪಿ ಮಾಡೋಕೂ ಬರಲ್ಲ, ಯಾಕಂದ್ರೆ ಸೋಪು, ಎಣ್ಣೆ ಜಿಡ್ಡು ಉಸುಕನ್ನ ಬೇಗ ಕಟ್ಟಿಬಿಡ್ತದೆ. ಮೊದಲು ಜಿಡ್ಡು ತಡೆಯೋ ಸಣ್ಣ ತೊಟ್ಟಿ, ಆಮೇಲೆ ಜಲ್ಲಿ-ಉಸುಕಿನ ಪದರ, ಎರಿ ದಾಟಿ ಗರಸು ಕೈಗೆ ಸಿಕ್ಕರೆ ಅಲ್ಲಿ ಗುಂಡಿ. ಸಿಗದಿದ್ದರೆ ನೀರನ್ನ ಬಾಳೆ ಗಿಡಕ್ಕೆ ತಿರುಗಿಸೋದೇ ವಾಸಿ. ಪಾಯಖಾನೆ ನೀರು ಮಾತ್ರ ಇದರಲ್ಲಿ ಸೇರಬಾರದು. ನಮ್ಮ ಮಿನಿ ಪ್ರಾಜೆಕ್ಟ್‌ಗೆ ಇದಕ್ಕಿಂತ ಒಳ್ಳೇ ವಿಷಯ ಬೇಕಾ?

1908ರಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದ್ ಮುಳುಗಿತು. ಮರುವರ್ಷ ನಿಜಾಮ್ ಸರ್ಕಾರ ಅವರನ್ನ ಕರೆಸಿತು. ಪ್ರವಾಹ ತಡೆಯೋ ಜಲಾಶಯಗಳ ಜೊತೆ ಊರಿನ ಒಳಚರಂಡಿಗೂ ಯೋಜನೆ ಮಾಡಿದರು. ಆಮೇಲೆ ಮೈಸೂರಿನ ಚೀಫ್ ಇಂಜಿನಿಯರ್, 1912ರಿಂದ 1918ರವರೆಗೆ ದಿವಾನ್. ಆ ಕಥೆ ಎಲ್ಲರಿಗೂ ಗೊತ್ತು, ಬಿಡಿ.

1922ರಲ್ಲಿ ಹೈದರಾಬಾದ್‌ನವರು ಮತ್ತೆ ಕರೆದರು. ದಿವಾನಗಿರಿ ಮುಗಿಸಿ, ಅರವತ್ತು ದಾಟಿದ್ದ ಮನುಷ್ಯ ಹೋಗಿ ಕೂತದ್ದು ಅದೇ ಊರಿನ ಚರಂಡಿ ಕೆಲಸಕ್ಕೆ. 1955ರಲ್ಲಿ ಭಾರತರತ್ನ ಬಂತು. 1962ರ ಏಪ್ರಿಲ್‌ನಲ್ಲಿ, ನೂರು ದಾಟಿದ ಮೇಲೆ, ಬೆಂಗಳೂರಿನಲ್ಲಿ ತೀರಿಕೊಂಡರು.